ರೆಂದಾಂಗ್, ತೆಂಪೆ, ಸೋತೋ: ಇಂಡೋನೇಷ್ಯಾದ ಊಟದಿಂದ ನಾವು ಕಲಿಯಬಹುದಾದದ್ದು

ಹಜ್ಜ್ ಮುಗಿಸಿ ಊರಿಗೆ ಮರಳಿದ ಹಿರಿಯರೊಬ್ಬರು ಝಮ್‌ಝಮ್ ನೀರು ಮತ್ತು ಖರ್ಜೂರ ಹಿಡಿದುಕೊಂಡು ನಮ್ಮ ದವಾಖಾನೆಗೆ ಬಂದಿದ್ದರು. ಹತ್ತು ವರ್ಷಗಳಿಂದ ಅವರಿಗೆ ಸಕ್ಕರೆ ಕಾಯಿಲೆ ಇದೆ, ಜೊತೆಗೆ ಬಿ.ಪಿ. ಕೂಡ. ಸಲಾಮು, ಕುಶಲ ಎಲ್ಲ ಆದ ಮೇಲೆ ಅವರು ಕೇಳಿದ್ದು ಔಷಧದ ವಿಷಯವನ್ನಲ್ಲ.

"ಹಕೀಂ ಸಾಹೇಬ್ರೇ, ಹರಮ್‌ನ ಅಂಗಳದಲ್ಲಿ ಇಂಡೋನೇಷ್ಯಾದವರ ಪರಿಚಯ ಆಯ್ತು. ಅವರ ಡಬ್ಬಿಯಲ್ಲಿ ಕಪ್ಪಗೆ ಹುರಿದಂಥ ಮಾಂಸ ಇತ್ತು. ಊರಿಂದ ತಂದು ಎಷ್ಟೋ ದಿನ ಆಗಿದೆಯಂತೆ, ಫ್ರಿಜ್ಜಲ್ಲಿ ಇಟ್ಟದ್ದೂ ಅಲ್ಲವಂತೆ. ಸ್ವಲ್ಪವೂ ವಾಸನೆ ಇಲ್ಲ. ಒಂದು ತುಂಡು ಕೊಟ್ರು. ಏನು ರುಚಿ ಅಂತೀರಿ! ಅದು ಏನು? ನಮ್ಮ ಮನೇಲಿ ಮಾಡಿಸಬಹುದಾ? ನಾನು ತಿನ್ನಬಹುದಾ?"

"ಚಾಚಾ, ಅದರ ಹೆಸರು ರೆಂದಾಂಗ್. ಉಳಿದೆರಡು ಪ್ರಶ್ನೆಗಳಿಗೆ ಉತ್ತರ ಸ್ವಲ್ಪ ಉದ್ದ ಇದೆ" ಎಂದೆ. ಆ ಉದ್ದದ ಉತ್ತರವೇ ಈ ತಿಂಗಳ ಲೇಖನ.

ಇಂಡೋನೇಷ್ಯಾ 17 ಸಾವಿರಕ್ಕೂ ಹೆಚ್ಚು ದ್ವೀಪಗಳ ದೇಶ. ಜಗತ್ತಿನಲ್ಲೇ ಅತಿ ಹೆಚ್ಚು ಮುಸ್ಲಿಮರು ವಾಸಿಸುವ ನಾಡು. ಅಲ್ಲಿಯ ಊಟದಲ್ಲಿ ಅಕ್ಕಿ, ತೆಂಗು, ಹುಣಸೆ, ಮೀನು, ಹಲಸು, ಬಾಳೆ ಎಲ್ಲವೂ ಇವೆ. ಹಾಗಾಗಿ ನಮ್ಮ ಕರಾವಳಿಯ ಮನೆಯವರಿಗೆ ಅದು ದೂರದ ಊಟ ಅನ್ನಿಸುವುದಿಲ್ಲ. ಅದರಲ್ಲಿ ಆರೋಗ್ಯಕ್ಕೆ ಹಿತವಾದದ್ದು ಯಾವುದು, ಎಚ್ಚರ ಬೇಕಾದದ್ದು ಯಾವುದು ಎಂಬುದನ್ನು ನೋಡೋಣ.

ಸಂಬಾರದ ದ್ವೀಪಗಳು ಮತ್ತು ಯುನಾನಿ ದವಾಖಾನೆ

ಯುನಾನಿ ವೈದ್ಯರ ಕಪಾಟಿಗೂ ಇಂಡೋನೇಷ್ಯಾಕ್ಕೂ ಬಹಳ ಹಳೆಯ ನಂಟಿದೆ. ಮೂತ್ರದ ಉರಿಗೆ ನಾವು ಬಳಸುವ ಕಬಾಬ್‌ಚೀನಿ, ಅಂದರೆ ಬಾಲಮೆಣಸು, ಜಾವಾ ಮತ್ತು ಸುಮಾತ್ರಾ ದ್ವೀಪಗಳ ಬಳ್ಳಿಯ ಕಾಯಿ. ಲವಂಗದ ಮೂಲ ನೆಲೆ ತೆರ್ನಾತೆ, ತಿದೋರೆಯಂಥ ಮಲುಕು ದ್ವೀಪಗಳು. ಶತಮಾನಗಳ ಕಾಲ ಜಗತ್ತಿಗೆ ಜಾಯಿಕಾಯಿ ಮತ್ತು ಜಾಪತ್ರೆ ಸಿಗುತ್ತಿದ್ದುದು ಪುಟ್ಟ ಬಂದಾ ದ್ವೀಪಗಳಿಂದ. ಈ ಜಾಯಿಕಾಯಿಯ ಆಸೆಗೇ ಡಚ್ ಕಂಪನಿ 1621ರಲ್ಲಿ ಬಂದಾವನ್ನು ಆಕ್ರಮಿಸಿ ಅಲ್ಲಿಯ ಬಹುಪಾಲು ಜನರನ್ನು ಕೊಂದಿತು, ಇಲ್ಲವೇ ಓಡಿಸಿತು. ನಮ್ಮ ಗರಂ ಮಸಾಲೆಯ ಡಬ್ಬಿಯಲ್ಲಿರುವ ಒಂದು ಕಾಯಿಯ ಹಿಂದೆ ಇಷ್ಟು ನೋವಿನ ಚರಿತ್ರೆ ಇದೆ.

14ನೇ ಶತಮಾನದ ಪ್ರವಾಸಿ ಇಬ್ನ್ ಬತೂತಾ ನಮ್ಮ ಹೊನ್ನಾವರಕ್ಕೂ ಬಂದಿದ್ದ, ಸುಮಾತ್ರಾದ ಸಮುದ್ರ ಪಾಸೈ ಎಂಬ ಮುಸ್ಲಿಂ ರಾಜ್ಯಕ್ಕೂ ಹೋಗಿದ್ದ. ಹೊನ್ನಾವರದ ಊಟದ ಬಗ್ಗೆ ಬರೆಯುತ್ತಾ ಅನ್ನ, ತುಪ್ಪ, ಮೆಣಸು, ಶುಂಠಿ, ನಿಂಬೆ, ಮಾವುಗಳ ಉಪ್ಪಿನಕಾಯಿಯನ್ನು ಹೆಸರಿಸಿದ. ಸುಮಾತ್ರಾದ ಬಗ್ಗೆ ಬರೆಯುತ್ತಾ ಕರ್ಪೂರ, ಲೋಬಾನ, ಲವಂಗಗಳನ್ನು ನೆನಪಿಸಿದ. ಈ ಎರಡು ಕರಾವಳಿಗಳನ್ನು ಒಂದೇ ಸಮುದ್ರದ ವ್ಯಾಪಾರ ಜೋಡಿಸಿತ್ತು.

ಬುಂಬು: ರುಚಿಯ ಬುನಾದಿ

ಇಂಡೋನೇಷ್ಯಾದ ಅಡುಗೆ ಶುರುವಾಗುವುದು ಬುಂಬುವಿನಿಂದ, ಅಂದರೆ ಅರೆದ ಹಸಿ ಮಸಾಲೆಯಿಂದ. ಚೋಬೆಕ್ ಎಂಬ ತಟ್ಟೆಯಾಕಾರದ ಕಲ್ಲಿನ ಮೇಲೆ ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಕೊತ್ತಂಬರಿ ಬೀಜವನ್ನು ಕೈಯಿಂದ ಅರೆಯುತ್ತಾರೆ. ಇದು ಬಿಳಿ ಬುಂಬು. ಕೆಂಪು ಮೆಣಸಿನಕಾಯಿ ಸೇರಿದರೆ ಕೆಂಪು ಬುಂಬು, ಅರಿಶಿನ ಸೇರಿದರೆ ಹಳದಿ ಬುಂಬು. ಇದಕ್ಕೆ ಶುಂಠಿ, ಮಜ್ಜಿಗೆ ಹುಲ್ಲು, ಒಂದು ಜಾತಿಯ ನಿಂಬೆಯ ಸುವಾಸನೆಯ ಎಲೆ, ಮತ್ತು ನಾವು ಖೂಲಂಜಾನ್ ಎಂದು ಕರೆಯುವ ಶುಂಠಿಯ ಬಂಧುವೊಂದು ಜೊತೆಯಾಗುತ್ತವೆ. ದಪ್ಪ ಬರಲೆಂದು ಕೆಮಿರಿ ಎಂಬ ಎಣ್ಣೆಯ ಬೀಜವನ್ನೂ ಹಾಕುತ್ತಾರೆ. ಆ ಬೀಜವನ್ನು ಹಸಿಯಾಗಿ ತಿಂದರೆ ವಾಂತಿ, ಭೇದಿ ಆಗುತ್ತದೆ, ಬೇಯಿಸಿಯೇ ತಿನ್ನಬೇಕು.

ಇಂದು ಅಲ್ಲಿಯ ಊಟ ಖಾರವೆಂದು ಹೆಸರಾಗಿದೆ. ಆದರೆ ಮೆಣಸಿನಕಾಯಿ ಅಲ್ಲಿಗೆ ಬಂದದ್ದು 16ನೇ ಶತಮಾನದಲ್ಲಿ, ಅಮೆರಿಕ ಖಂಡದಿಂದ, ಯುರೋಪಿನ ಹಡಗುಗಳ ಮೂಲಕ. ನಮ್ಮಲ್ಲಿಗೂ ಹಾಗೆಯೇ ಬಂತು. ಅದಕ್ಕೆ ಮೊದಲು ಖಾರಕ್ಕೆ ಕರಿಮೆಣಸು, ಶುಂಠಿ ಮತ್ತು ಜಾವಾದ ಹಿಪ್ಪಲಿ ಇದ್ದವು.

ಯುನಾನಿಯಲ್ಲಿ 'ಮುಸ್ಲಿಹ್' ಎಂಬ ಮಾತಿದೆ. ಒಂದು ಪದಾರ್ಥದ ದೋಷವನ್ನು ತಿದ್ದಲು ಜೊತೆಗೆ ಸೇರಿಸುವ ಇನ್ನೊಂದು ಪದಾರ್ಥವೇ ಮುಸ್ಲಿಹ್. ಮಾಂಸ ಮತ್ತು ತೆಂಗಿನ ಹಾಲು ಎರಡೂ ಸಖೀಲ್, ಅಂದರೆ ಜಠರಕ್ಕೆ ಭಾರ, ನಿಧಾನವಾಗಿ ಜೀರ್ಣವಾಗುವಂಥವು. ಶುಂಠಿ, ಖೂಲಂಜಾನ್, ಬೆಳ್ಳುಳ್ಳಿಗಳನ್ನು ನಮ್ಮ ಗ್ರಂಥಗಳು ಗರಂ ಮತ್ತು ಖುಷ್ಕ್ ಮಿಝಾಜಿನವು, ಹೊಟ್ಟೆಯುಬ್ಬರ ಇಳಿಸುವಂಥವು ಎಂದು ಗುರುತಿಸುತ್ತವೆ. ಭಾರದ ಪದಾರ್ಥಕ್ಕೆ ಜೀರ್ಣಕಾರಿ ಬೇರು, ಜಿಡ್ಡಿಗೆ ಹುಣಸೆಯ ಹುಳಿ, ಖಾರಕ್ಕೆ ಪಕ್ಕದಲ್ಲಿ ಹಸಿ ಸೌತೆಕಾಯಿ. ಅಲ್ಲಿಯ ಅಜ್ಜಿಯಂದಿರು ಯುನಾನಿ ಓದಿದವರಲ್ಲ, ಆದರೂ ಅವರ ಒಲೆಯ ಮೇಲೆ ಈ ತತ್ವ ಇದೆ.

ರೆಂದಾಂಗ್ ಏಕೆ ಬೇಗ ಕೆಡುವುದಿಲ್ಲ?

ರೆಂದಾಂಗ್ ಪಶ್ಚಿಮ ಸುಮಾತ್ರಾದ ಮಿನಾಂಗ್‌ಕಬಾವ್ ಮುಸ್ಲಿಮರ ಅಡುಗೆ. ಆ ಸಮುದಾಯದ ಯುವಕರು ದುಡಿಮೆ, ಓದು, ವ್ಯಾಪಾರಕ್ಕಾಗಿ ಊರು ಬಿಟ್ಟು ದೂರ ಹೋಗುವುದು ಹಳೆಯ ರೂಢಿ. ಇದಕ್ಕೆ 'ಮೆರಾಂತಾವ್' ಎನ್ನುತ್ತಾರೆ. ಗಲ್ಫಿಗೆ ಹೊರಟ ಮಗನ ಪೆಟ್ಟಿಗೆಯಲ್ಲಿ ನಮ್ಮ ತಾಯಂದಿರು ಉಪ್ಪಿನಕಾಯಿ ಇಡುವಂತೆ, ಅಲ್ಲಿಯ ತಾಯಂದಿರು ರೆಂದಾಂಗ್ ಕಟ್ಟಿಕೊಡುತ್ತಾರೆ.

ದನದ ಅಥವಾ ಎಮ್ಮೆಯ ಮಾಂಸವನ್ನು ದಪ್ಪ ತುಂಡು ಮಾಡಿ, ಬುಂಬು, ಅರಿಶಿನದ ಎಲೆ ಮತ್ತು ಬೇಕಾದಷ್ಟು ತೆಂಗಿನ ಹಾಲಿನ ಜೊತೆ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಮೊದಲು ಅದು ತೆಳ್ಳಗಿನ ಸಾರು, ಇದಕ್ಕೆ ಗುಲೈ ಎಂದು ಹೆಸರು. ನೀರು ಇಂಗಿ ಗೊಜ್ಜಿನಂತಾದಾಗ ಅದು ಕಾಲಿಯೋ. ಇನ್ನೂ ಬೆಂದಾಗ ತೆಂಗಿನ ಹಾಲು ಒಡೆದು ಎಣ್ಣೆ ಬಿಡುತ್ತದೆ, ಮಾಂಸ ಆ ಎಣ್ಣೆಯಲ್ಲೇ ಹುರಿದು ಕಪ್ಪು ಕಂದು ಬಣ್ಣಕ್ಕೆ ತಿರುಗುತ್ತದೆ. ಆಗ ಮಾತ್ರ ಅದು ರೆಂದಾಂಗ್. ಬೇಯಿಸುವುದು ಮೊದಲು, ಹುರಿಯುವುದು ಕೊನೆಗೆ. ನಮ್ಮ ಕ್ರಮಕ್ಕೆ ಸರಿಯಾಗಿ ಉಲ್ಟಾ.

ಕೆಡದಿರುವ ಗುಟ್ಟು ಇಲ್ಲೇ ಇದೆ. ಆಹಾರ ಕೆಡಿಸುವ ಸೂಕ್ಷ್ಮಜೀವಿಗಳಿಗೆ ನೀರಿನಂಶ ಬೇಕು. ಇಷ್ಟು ಹೊತ್ತು ಬೆಂದ ಮಾಂಸದಲ್ಲಿ ನೀರು ಬಹಳ ಕಡಿಮೆ ಉಳಿದಿರುತ್ತದೆ. ತುಂಡಿನ ಸುತ್ತ ಎಣ್ಣೆಯ ಪದರ ಕೂತಿರುತ್ತದೆ. ಬೆಳ್ಳುಳ್ಳಿ, ಖೂಲಂಜಾನ್‌ಗಳಿಗೂ ಸೂಕ್ಷ್ಮಜೀವಿಗಳನ್ನು ತಡೆಯುವ ಗುಣ ಸ್ವಲ್ಪ ಮಟ್ಟಿಗೆ ಇದೆ.

ಆದರೆ ಒಂದು ಎಚ್ಚರಿಕೆ. ನಾವು ಮನೆಯಲ್ಲಿ ಒಂದೂವರೆ ಗಂಟೆಯಲ್ಲಿ ಮಾಡುವುದು ಹೆಚ್ಚೆಂದರೆ ಕಾಲಿಯೋ. ಅದರಲ್ಲಿ ನೀರಿನಂಶ ಇದೆ, ಹೊರಗಿಟ್ಟರೆ ಕೆಡುತ್ತದೆ. ರೆಂದಾಂಗ್ ಕೆಡುವುದಿಲ್ಲವಂತೆ ಎಂದು ಮಳೆಗಾಲದಲ್ಲಿ ಅಡುಗೆ ಕಟ್ಟೆಯ ಮೇಲೆ ಬಿಟ್ಟು ಮೂರನೇ ದಿನ ಮಕ್ಕಳಿಗೆ ಬಡಿಸಬೇಡಿ. ಆರಿದ ಕೂಡಲೇ ಫ್ರಿಜ್ಜಿಗೆ ಇಡಿ, ತಿನ್ನುವಾಗ ಚೆನ್ನಾಗಿ ಬಿಸಿ ಮಾಡಿ. ಕುರಿ ಮಾಂಸ, ಕೋಳಿ, ಎಳೆ ಹಲಸಿನಿಂದಲೂ ಇದನ್ನು ಮಾಡಬಹುದು. ಎಳೆ ಹಲಸಿನ ರೆಂದಾಂಗ್ ಅಲ್ಲಿಯೂ ಉಂಟು.

ತೆಂಪೆ: ಅಗ್ಗದ ಪೌಷ್ಟಿಕ ಆಹಾರ

ನನ್ನನ್ನು ಕೇಳಿದರೆ ಇಂಡೋನೇಷ್ಯಾ ಜಗತ್ತಿಗೆ ಕೊಟ್ಟ ದೊಡ್ಡ ಆಹಾರ ರೆಂದಾಂಗ್ ಅಲ್ಲ, ತೆಂಪೆ. ಇದರ ಹುಟ್ಟೂರು ಜಾವಾ. ಸೋಯಾ ಕಾಳನ್ನು ನೆನೆಸಿ, ಸಿಪ್ಪೆ ತೆಗೆದು, ಬೇಯಿಸಿ, ಆರಿಸುತ್ತಾರೆ. ಅದಕ್ಕೆ ರೈಜೋಪಸ್ ಎಂಬ ತಿನ್ನಲು ಯೋಗ್ಯವಾದ ಬೂಸ್ಟಿನ ಹೆಪ್ಪು ಬೆರೆಸಿ ಬಾಳೆ ಎಲೆಯಲ್ಲಿ ಕಟ್ಟಿಡುತ್ತಾರೆ. ಒಂದೆರಡು ದಿನದಲ್ಲಿ ಬೂಸ್ಟಿನ ಬಿಳಿ ಎಳೆಗಳು ಹರಡಿ ಕಾಳುಗಳೆಲ್ಲ ಒಂದೇ ಗಟ್ಟಿ ಹಲಗೆಯಂತೆ ಅಂಟಿಕೊಳ್ಳುತ್ತವೆ. ಕತ್ತರಿಸಿ ಹುರಿದರೆ ಬಾದಾಮಿ, ಅಣಬೆಗಳನ್ನು ನೆನಪಿಸುವ ರುಚಿ.

100 ಗ್ರಾಂ ತೆಂಪೆಯಲ್ಲಿ ಸುಮಾರು 19 ಗ್ರಾಂ ಪ್ರೋಟೀನ್ ಇರುತ್ತದೆ, ನಾರಿನಂಶವೂ ಇದೆ. ಸೋಯಾ ಕಾಳನ್ನು ಹಾಗೆಯೇ ತಿಂದರೆ ಕೆಲವರಿಗೆ ಹೊಟ್ಟೆಯುಬ್ಬರ ಬರುತ್ತದೆ. ನೆನೆಸಿ, ಬೇಯಿಸಿ, ಹುದುಗು ಬರಿಸಿದಾಗ ಆ ತೊಂದರೆ ಕಡಿಮೆಯಾಗುತ್ತದೆ. ಇಡ್ಲಿ, ದೋಸೆಯ ಹಿಟ್ಟು ಹುದುಗು ಬರಿಸುವ ನಮಗೆ ಇದು ಅರ್ಥವಾಗದ ವಿಷಯವಲ್ಲ. ಮಾಂಸ ಕೊಳ್ಳಲಾಗದ ಲಕ್ಷಾಂತರ ಕುಟುಂಬಗಳಿಗೆ ಅಲ್ಲಿ ತೆಂಪೆಯೇ ಆಧಾರ. ಬೆಂಗಳೂರಿನಂಥ ನಗರಗಳಲ್ಲಿ ಈಗ ಇದು ಸಿಗುತ್ತದೆ.

ಇಲ್ಲೂ ನಾಲ್ಕು ಮಾತು ನೆನಪಿರಲಿ. ಬಿಳಿ ಬೂಸ್ಟು ಮತ್ತು ಅಲ್ಲಲ್ಲಿ ಬೂದು ಚುಕ್ಕೆ ಸಹಜ. ಗುಲಾಬಿ, ಹಸಿರು ಬಣ್ಣ, ಲೋಳೆ ಅಥವಾ ಮೂಗಿಗೆ ಹೊಡೆಯುವ ವಾಸನೆ ಇದ್ದರೆ ಬಿಸಾಡಿ. ಎಣ್ಣೆಯಲ್ಲಿ ಕರಿದರೆ ಅದು ಎಣ್ಣೆಯನ್ನು ಹೀರಿಕೊಳ್ಳುತ್ತದೆ, ಕಾವಲಿಯ ಮೇಲೆ ಸ್ವಲ್ಪ ಎಣ್ಣೆಯಲ್ಲಿ ಬಾಡಿಸಿದರೆ ಸಾಕು. ಥೈರಾಯ್ಡ್ ಮಾತ್ರೆ ನುಂಗುವವರು ಸೋಯಾ ತಿನ್ನುವುದಕ್ಕೂ ಮಾತ್ರೆಗೂ ಕೆಲವು ಗಂಟೆಗಳ ಅಂತರ ಇಡಬೇಕು. ಮತ್ತು ತೆಂಗಿನ ಹಿಂಡಿಯಿಂದ ಮನೆಯಲ್ಲಿ ತೆಂಪೆ ಮಾಡುವ ಪ್ರಯೋಗ ಬೇಡವೇ ಬೇಡ. ಜಾವಾದಲ್ಲಿ 'ತೆಂಪೆ ಬೊಂಗ್‌ಕ್ರೆಕ್' ಎಂದು ಕರೆಯುತ್ತಿದ್ದ ಈ ಬಗೆಯಲ್ಲಿ ಒಂದು ಬ್ಯಾಕ್ಟೀರಿಯಾ ಬೆಳೆದು ಪ್ರಾಣಾಂತಕ ವಿಷ ಉಂಟುಮಾಡುತ್ತಿತ್ತು. ಅನೇಕರು ಸತ್ತರು. 1988ರಲ್ಲಿ ಅದರ ತಯಾರಿಕೆಯನ್ನು ನಿಷೇಧಿಸಲಾಯಿತು. ಆ ವಿಷ ಬೇಯಿಸಿದರೂ ಹೋಗುವುದಿಲ್ಲ.

ಸೋತೋ, ಸಾಯುರ್ ಆಸೆಮ್, ಗಾದೋ-ಗಾದೋ, ಗುದೆಗ್

ದಿನನಿತ್ಯದ ಊಟಕ್ಕೆ ನಾನು ಮೆಚ್ಚುವುದು ಸೋತೋ. ಇದು ಅರಿಶಿನ, ಶುಂಠಿ, ಮಜ್ಜಿಗೆ ಹುಲ್ಲಿನ ಪರಿಮಳದ ತೆಳು ಕೋಳಿ ಸಾರು. ಊರೂರಿಗೂ ಬೇರೆ ಬೇರೆ ಬಗೆ. ಜಕಾರ್ತದ ಬೆತಾವಿ ಸೋತೋಗೆ ತೆಂಗಿನ ಹಾಲು ಅಥವಾ ಹಸುವಿನ ಹಾಲು ಬೀಳುತ್ತದೆ, ಮಕಾಸ್ಸರಿನ ಚೋತೋಗೆ ಕಡಲೆಕಾಯಿ. ಜ್ವರ ಬಿಟ್ಟು ಬಾಯಿ ರುಚಿ ಕೆಟ್ಟವರಿಗೆ, ಹಲ್ಲಿಲ್ಲದ ಹಿರಿಯರಿಗೆ ತೆಳು ಸೋತೋ ಒಳ್ಳೆಯದು. ಮನೆಯಲ್ಲಿ ಹೀಗೆ ಮಾಡಿ: ಅರ್ಧ ಕೆ.ಜಿ. ಚರ್ಮ ತೆಗೆದ ಕೋಳಿಯನ್ನು ಒಂದೂವರೆ ಲೀಟರ್ ನೀರಿನಲ್ಲಿ ಎರಡು ಜಜ್ಜಿದ ಮಜ್ಜಿಗೆ ಹುಲ್ಲಿನ ಜೊತೆ ಬೇಯಿಸಿ. ಆರು ಸಣ್ಣ ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ, ಒಂದಿಂಚು ಶುಂಠಿ, ಅರ್ಧ ಚಮಚ ಅರಿಶಿನ, ಒಂದು ಚಮಚ ಕೊತ್ತಂಬರಿ ಬೀಜ, ನಾಲ್ಕು ಕಾಳು ಮೆಣಸು ಅರೆದು, ಒಂದು ಚಮಚ ಎಣ್ಣೆಯಲ್ಲಿ ಹಸಿ ವಾಸನೆ ಹೋಗುವಷ್ಟು ಹುರಿದು ಸಾರಿಗೆ ಸೇರಿಸಿ. ಕೋಳಿ ಬೆಂದ ಮೇಲೆ ಎಳೆ ಎಳೆಯಾಗಿ ಬಿಡಿಸಿ. ಬಟ್ಟಲಿನಲ್ಲಿ ಹೆಸರುಕಾಳಿನ ಮೊಳಕೆ, ಸಣ್ಣಗೆ ಹೆಚ್ಚಿದ ಎಲೆಕೋಸು, ಕೋಳಿ ಇಟ್ಟು ಮೇಲೆ ಕುದಿಯುವ ಸಾರು ಸುರಿದು ನಿಂಬೆ ಹಿಂಡಿ. ಗರ್ಭಿಣಿಯರಿಗೆ ಬಡಿಸುವುದಾದರೆ ಮೊಳಕೆಯನ್ನು ಸಾರಿನಲ್ಲೇ ಚೆನ್ನಾಗಿ ಬೇಯಿಸಿ.

ಸಾಯುರ್ ಆಸೆಮ್ ಎಂದರೆ ತರಕಾರಿ ಹಾಕಿದ ಹುಣಸೆ ಸಾರು. ಎಣ್ಣೆಯಿಲ್ಲ, ತೆಂಗಿನ ಹಾಲಿಲ್ಲ. ಹುಣಸೆಗೆ ಅಲ್ಲಿ 'ಜಾವಾದ ಹುಳಿ' ಎಂದು ಹೆಸರು. ಅರಬರು ಅದನ್ನೇ 'ತಮರ್ ಹಿಂದಿ', ಹಿಂದೂಸ್ತಾನದ ಖರ್ಜೂರ ಎಂದರು. ಗಾದೋ-ಗಾದೋ ಎಂದರೆ ಬೇಯಿಸಿದ ತರಕಾರಿ, ಮೊಳಕೆ ಕಾಳು, ತೋಫು, ತೆಂಪೆ, ಮೊಟ್ಟೆಯ ಮೇಲೆ ಕಡಲೆಕಾಯಿ ಗೊಜ್ಜು. ಒಂದೇ ತಟ್ಟೆಯಲ್ಲಿ ಇಷ್ಟು ತರಕಾರಿ ನಮ್ಮ ದಾವತ್ತುಗಳಲ್ಲಿ ಯಾವಾಗ ಕಂಡಿದ್ದೇವೆ?

ಯೋಗ್ಯಕರ್ತದ ಗುದೆಗ್ ಎಳೆ ಹಲಸಿನ ಅಡುಗೆ. ತೆಂಗಿನ ಹಾಲು ಮತ್ತು ತೆಂಗು-ತಾಳೆಗಳ ಬೆಲ್ಲ ಹಾಕಿ ಮಡಕೆಯಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಕೆಂಪು ಕಂದು ಬಣ್ಣಕ್ಕೆ ತೇಗದ ಎಲೆ ಹಾಕುತ್ತಾರೆ. ರುಚಿ ಸಿಹಿ. ಹಲಸು ತರಕಾರಿಯೇ ಆದರೂ ಬೆಲ್ಲ ಹೆಚ್ಚಾಗಿರುವುದರಿಂದ ಸಕ್ಕರೆ ಕಾಯಿಲೆಯವರು ರುಚಿ ನೋಡುವಷ್ಟೇ ತಿನ್ನಬೇಕು. ಪೂರ್ವದ ಮಲುಕು, ಪಾಪುವಾಗಳಲ್ಲಿ ಅಕ್ಕಿಗಿಂತ ಸಾಗೋ ಮುಖ್ಯ. ಸಾಗೋ ತಾಳೆಯ ಹಿಟ್ಟಿನ 'ಪಾಪೆದಾ' ಎಂಬ ಅಂಟು ಗಂಜಿಯನ್ನು ಅರಿಶಿನದ ಮೀನು ಸಾರಿನ ಜೊತೆ ಉಣ್ಣುತ್ತಾರೆ.

ಇಫ್ತಾರ್ ಮತ್ತು ಈದ್

ರಮಝಾನಿನಲ್ಲಿ ಉಪವಾಸ ಬಿಡುವಾಗಿನ ತಿಂಡಿಗೆ ಅಲ್ಲಿ 'ತಕ್ಜಿಲ್' ಎನ್ನುತ್ತಾರೆ. ಇಫ್ತಾರನ್ನು ತಡಮಾಡದೆ ಬೇಗ ಮಾಡುವುದು ಎಂಬರ್ಥದ 'ತಅಜೀಲ್' ಎಂಬ ಅರಬಿ ಪದವೇ ಹೀಗೆ ತಿಂಡಿಯ ಹೆಸರಾಗಿದೆ. ಅದರಲ್ಲಿ ಪ್ರಸಿದ್ಧವಾದದ್ದು ಕೋಲಕ್. ಬಾಳೆಹಣ್ಣು, ಗೆಣಸು, ತೆಂಗಿನ ಹಾಲು, ಬೆಲ್ಲಕ್ಕೆ ಪಾಂಡನ್ ಎಲೆಯ ಪರಿಮಳ. ಈ ಪಾಂಡನ್ ಕೇದಿಗೆಯ ಬಳಗದ ಗಿಡ. ನಮ್ಮ ಬಿರಿಯಾನಿಗೆ ಹಾಕುವ ಕೇವ್ಡಾ ನೀರು ಬರುವುದು ಕೇದಿಗೆಯಿಂದಲೇ.

ಈದ್‌ನಲ್ಲಿ ತೆಂಗಿನ ಗರಿಯ ಪುಟ್ಟ ಬುಟ್ಟಿ ಹೆಣೆದು ಅದರೊಳಗೆ ಅಕ್ಕಿ ಬೇಯಿಸಿದ ಕೆತುಪತ್, ಜೊತೆಗೆ ತೆಂಗಿನ ಹಾಲಿನ ಬಿಳಿ ಕೋಳಿ ಸಾರು 'ಒಪೋರ್ ಆಯಾಮ್', ರೆಂದಾಂಗ್ ಇರುತ್ತವೆ. ಜಾವಾದ ಹಲವೆಡೆ ಶವ್ವಾಲಿನ ಆರು ಉಪವಾಸ ಮುಗಿಸಿ ಎಂಟನೇ ದಿನ ಮತ್ತೊಮ್ಮೆ 'ಕೆತುಪತ್ ಈದ್' ಆಚರಿಸುತ್ತಾರೆ.

ಗಮನಿಸಿ: ರೆಂದಾಂಗ್, ಒಪೋರ್, ಕೋಲಕ್ ಇವೆಲ್ಲ ಹಬ್ಬದ, ವಿಶೇಷ ದಿನಗಳ ಅಡುಗೆ. ದಿನದ ಊಟ ಅನ್ನ, ತರಕಾರಿ ಸಾರು, ತೆಂಪೆ, ಮೀನು, ಹಸಿ ಎಲೆ, ಒಂದು ಚಮಚ ಸಂಬಲ್. ಹಬ್ಬದ ಊಟವನ್ನು ದಿನದ ಊಟ ಮಾಡಿಕೊಂಡಾಗಲೇ ಕಾಯಿಲೆ ಮನೆಗೆ ಬರುತ್ತದೆ. ಇಂದು ಅಲ್ಲಿಯೂ ಆಗುತ್ತಿರುವುದು ಅದೇ. ಬೀದಿಬದಿಯ ಕರಿದ ತಿಂಡಿ ಹೆಚ್ಚಾಗಿದೆ, ಇನ್‌ಸ್ಟಂಟ್ ನೂಡಲ್ಸ್ ತಿನ್ನುವುದರಲ್ಲಿ ಚೀನಾ ಬಿಟ್ಟರೆ ಆ ದೇಶವೇ ಮುಂದಿದೆ. ನಮ್ಮಲ್ಲಿ ವಾರಕ್ಕೆ ಮೂರು ಸಲ ಬಿರಿಯಾನಿ, ರಾತ್ರಿ ಪರೋಟ. ವ್ಯತ್ಯಾಸ ಹೆಸರಿನಲ್ಲಿ ಮಾತ್ರ.

ಎಚ್ಚರ ಬೇಕಾದ ರುಚಿಗಳು

ತೆಂಗಿನ ಹಾಲು: ತೆಂಗಿನೆಣ್ಣೆಯ ಸುಮಾರು 90 ಶೇಕಡಾ ಸ್ಯಾಚುರೇಟೆಡ್ ಕೊಬ್ಬು. ಕೊಲೆಸ್ಟ್ರಾಲ್ ಹೆಚ್ಚಿರುವವರು, ಹೃದ್ರೋಗಿಗಳು ಮಿತಿಯಲ್ಲಿ ತಿನ್ನಬೇಕು. ಮೊದಲ ಹಾಲು ಬಿಟ್ಟು ಎರಡನೇ ತೆಳು ಹಾಲು ಬಳಸಬಹುದು.

ಕೆಚಾಪ್ ಮಾನಿಸ್: ನಾಸಿ ಗೋರೆಂಗ್ ಎಂಬ ಹುರಿದ ಅನ್ನಕ್ಕೂ ಸಾತೆ ಎಂಬ ಕಬಾಬಿಗೂ ಕಪ್ಪು ಬಣ್ಣ ಕೊಡುವ ಸಿಹಿ ಸೋಯಾ ಸಾಸ್. ಉಪ್ಪಿನ ಜೊತೆ ಬೆಲ್ಲ ತುಂಬಿರುತ್ತದೆ. ಖಾರದ ಅಡುಗೆಯಲ್ಲಿ ಅಡಗಿರುವ ಈ ಸಿಹಿ ಸಕ್ಕರೆ ಕಾಯಿಲೆಯವರ ಗಮನಕ್ಕೆ ಬರುವುದೇ ಇಲ್ಲ.

ತೆರಾಸಿ: ಸಂಬಲ್ ಚಟ್ನಿಗೆ ಹಾಕುವ, ಹುದುಗು ಬರಿಸಿದ ಸೀಗಡಿಯ ಮುದ್ದೆ. ಉಪ್ಪು ವಿಪರೀತ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಿ.ಪಿ. ಇರುವವರು, ಸೀಗಡಿ ಅಲರ್ಜಿ ಇರುವವರು ದೂರ ಇರಲಿ. ಕಡಲೆಕಾಯಿ ಅಲರ್ಜಿಯವರು ಸಾತೆ, ಗಾದೋ-ಗಾದೋ ತಿನ್ನುವ ಮುನ್ನ ಕೇಳಿ ತಿಳಿಯಬೇಕು.

ಪ್ರವಾಸ ಹೋಗುವವರಿಗೂ ಒಂದು ಮಾತು. ದೇಶದ ಬಹುಪಾಲು ಜನ ಮುಸ್ಲಿಮರೇ ಆದರೂ ಬಾಲಿಯಂಥ ಕಡೆ ಹಂದಿ ಮಾಂಸದ ಅಡುಗೆ ಸಾಮಾನ್ಯ. ಚೀನೀ ಶೈಲಿಯ ಕೆಲವು ಹೋಟೆಲುಗಳಲ್ಲಿ ಹುರಿದ ಅನ್ನಕ್ಕೆ 'ಆಂಗ್‌ಚಿಯು' ಎಂಬ ಅಕ್ಕಿಯ ಮದ್ಯ ಹಾಕುವುದುಂಟು. ಹಲಾಲ್ ಗುರುತು ನೋಡಿ, ಕೇಳಿ ತಿನ್ನಿ. ಹಲಾಲ್ ಉತ್ಪನ್ನಗಳ ಖಾತರಿಗೆಂದೇ ಅಲ್ಲಿ 2014ರ 33ನೇ ಕಾನೂನು ಇದೆ.

ಜಾಮು: ಊಟದ ಜೊತೆಗಿನ ಔಷಧ

ಜಾಮು ಜಾವಾದ ಗಿಡಮೂಲಿಕೆ ಪಾನೀಯ. ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಬಾಟಲಿಗಳಲ್ಲಿ ಜಾಮು ಮಾರುವ ಹೆಂಗಸರು ಅಲ್ಲಿ ಬೆಳಿಗ್ಗೆ ಮನೆಬಾಗಿಲಿಗೆ ಬರುತ್ತಾರೆ. ಅರಿಶಿನ-ಹುಣಸೆಯ 'ಕುನಿತ್ ಆಸಾಮ್', ಅಕ್ಕಿ ಮತ್ತು ಕೆಂಚುರ್ ಗೆಡ್ಡೆಯ 'ಬೆರಾಸ್ ಕೆಂಚುರ್' ಮನೆಮಾತು. 2023ರಲ್ಲಿ ಯುನೆಸ್ಕೋ ಈ ಜಾಮು ಸಂಸ್ಕೃತಿಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಆದರೆ ಅಲ್ಲಿಯ ಸರ್ಕಾರಿ ಔಷಧ ಇಲಾಖೆಯೇ, ಕೆಲವು ಪ್ಯಾಕೆಟ್ ಜಾಮುಗಳಲ್ಲಿ ನೋವುನಿವಾರಕ ಮತ್ತು ಸ್ಟಿರಾಯ್ಡ್ ಬೆರೆಸುತ್ತಾರೆ ಎಂದು ಮತ್ತೆ ಮತ್ತೆ ಎಚ್ಚರಿಸಿದೆ. ನಮ್ಮಲ್ಲಿ ಇದು ಇಲ್ಲವೆಂದುಕೊಳ್ಳಬೇಡಿ. ಮಂಡಿನೋವಿಗೆ ಸಂತೆಯಲ್ಲಿ ಕೊಂಡ ಹೆಸರಿಲ್ಲದ ಪುಡಿ ತಿಂದು, ಮುಖ ಊದಿ, ಸಕ್ಕರೆ ಏರಿಸಿಕೊಂಡು ಬಂದ ತಾಯಿಯೊಬ್ಬರನ್ನು ನಾನೇ ನೋಡಿದ್ದೇನೆ. "ನಾಟಿ ಔಷಧ ತಾನೇ, ಏನೂ ಆಗೋದಿಲ್ಲ ಅಂದ್ರು" ಎಂದು ಅವರು ಅತ್ತರು. ಯುನಾನಿ ವೈದ್ಯನಾಗಿ ಹೇಳುತ್ತೇನೆ: ಲೇಬಲ್ಲಿನಲ್ಲಿ ತಯಾರಕರ ಹೆಸರು, ಲೈಸೆನ್ಸ್ ಸಂಖ್ಯೆ, ಪದಾರ್ಥಗಳ ವಿವರ ಇಲ್ಲದ ಯಾವ ಔಷಧವನ್ನೂ ತಿನ್ನಬೇಡಿ. ಗರ್ಭಿಣಿಯರು, ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಇಂಥ ಕಷಾಯಗಳನ್ನು ವೈದ್ಯರನ್ನು ಕೇಳದೆ ಕುಡಿಯಬಾರದು.

ನಮ್ಮ ಮನೆಗೆ ಐದು ಪಾಠ

1. ಮಾಂಸದ ತುಂಡು ಚಿಕ್ಕದಿರಲಿ, ಮಸಾಲೆಯ ಪರಿಮಳ ದೊಡ್ಡದಿರಲಿ. ಅರ್ಧ ತಟ್ಟೆ ತರಕಾರಿ ಇರಲಿ.

2. ವಾರಕ್ಕೆ ಎರಡು ದಿನವಾದರೂ ಮಾಂಸದ ಬದಲು ಕಾಳು, ಸೋಯಾ ಅಥವಾ ತೆಂಪೆ ಮಾಡಿ.

3. ಭಾರದ ಅಡುಗೆಗೆ ಮುಸ್ಲಿಹ್ ಸೇರಿಸಿ: ಶುಂಠಿ, ಬೆಳ್ಳುಳ್ಳಿ, ನಿಂಬೆ, ಹಸಿ ಸೌತೆ. ಆದರೆ ಮುಸ್ಲಿಹ್ ಇದೆಯೆಂದು ಹೊಟ್ಟೆ ಬಿರಿಯ ತಿನ್ನಬೇಡಿ. ಅತಿಯಾದ ಊಟಕ್ಕೆ ಯಾವ ಮುಸ್ಲಿಹ್ ಕೂಡ ಇಲ್ಲ.

4. ಜಾಯಿಕಾಯಿ ಚಿಟಿಕೆಯಷ್ಟು ಮಾತ್ರ. ಹೆಚ್ಚಾದರೆ ಅಮಲು, ವಾಂತಿ, ಎದೆಬಡಿತ ಬರುತ್ತದೆ. ಮಗು ಮಲಗಲೆಂದು ಅರೆದು ಕುಡಿಸುವುದು ಅಪಾಯ.

5. ಹಬ್ಬದ ಅಡುಗೆ ಹಬ್ಬಕ್ಕೇ ಇರಲಿ.

ಹಾಜಿ ಚಾಚಾ ಅವರಿಗೆ ನಾನು ಕೊನೆಗೆ ಹೇಳಿದ್ದು ಇಷ್ಟು: "ಮಾಡಿಸಿ, ತಿನ್ನಿ. ಆದರೆ ಮಕ್ಕಾದಲ್ಲಿ ಅವರು ನಿಮಗೆ ಕೊಟ್ಟಷ್ಟೇ, ಒಂದು ತುಂಡು. ಜೊತೆಗೆ ಅನ್ನ ಒಂದು ಹಿಡಿ, ಸೊಪ್ಪು ಎರಡು ಹಿಡಿ. ಮಾತ್ರೆ ಮಾತ್ರ ಒಂದು ದಿನವೂ ಬಿಡಬೇಡಿ."

ಅವರು ನಕ್ಕರು. "ಒಂದೇ ತುಂಡಿಗೆ ಇಷ್ಟು ಹೊತ್ತು ಒಲೆ ಹಚ್ಚಬೇಕಾ?" ಎಂದರು.

"ಉಳಿದದ್ದನ್ನು ನೆರೆಮನೆಗೆ ಹಂಚಿ ಚಾಚಾ. ನಿಮಗೆ ಸಿಕ್ಕಿದ್ದೂ ಹಾಗೆಯೇ ಅಲ್ಲವೇ?" ಎಂದೆ.